ಇಬ್ಬರ ಹಾಸಿಗೆ, ಒಂದು ಸುಳ್ಳು ದೆವ್ವ

ಕಳೆದ ಶನಿವಾರ ಮಲ್ಲೇಶ್ವರಂನ ಮಾಲ್ ಒಂದರಲ್ಲಿ, ಮಧ್ಯಾಹ್ನದ ಆಟ ಮುಗಿಯಲು ಇನ್ನೇನು ಇಪ್ಪತ್ತು ನಿಮಿಷ ಇದೆ ಎನ್ನುವಾಗ, ನನ್ನ ಪಕ್ಕದ ಸೀಟಿನಲ್ಲಿದ್ದ ಹಿರಿಯರು ಎದ್ದು ನಿಂತರು. ವಯಸ್ಸು ಎಪ್ಪತ್ತೈದರ ಆಚೆ.

ಎದ್ದವರು ಹೊರಡಲಿಲ್ಲ. ಪರದೆಯನ್ನೇ ನೋಡುತ್ತಾ ನಿಂತುಬಿಟ್ಟರು. ಹಿಂದಿನ ಸಾಲಿನಿಂದ ಯಾರೋ, "ಅಂಕಲ್, ಕೂತ್ಕೊಳ್ಳಿ, ಕಾಣಿಸ್ತಿಲ್ಲ" ಅಂದರು. ಇನ್ನೊಬ್ಬ, "ಅಂಕಲ್‌ಗೇ ದೆವ್ವ ಹಿಡೀತು ಮಗಾ" ಅಂದ. ಒಂದಷ್ಟು ನಗು.

ಅಂಕಲ್ ಕೂರಲಿಲ್ಲ. ನನ್ನ ಮಂಡಿ ದಾಟಿಕೊಂಡು, ಕತ್ತಲಲ್ಲಿ ಒಂದೊಂದೇ ಮೆಟ್ಟಿಲು ತಡವಿ ಇಳಿದು, ಹೊರಗೆ ಹೋದರು. ಟಾಯ್ಲೆಟ್ಟಿಗಿರಬೇಕು ಅಂದುಕೊಂಡು ನಾನು ಇನ್ನೂ ಎರಡು ನಿಮಿಷ ಸಿನಿಮಾ ನೋಡಿದೆ. (ಆ ಎರಡು ನಿಮಿಷಕ್ಕೆ ನನಗೆ ಈಗಲೂ ನಾಚಿಕೆ ಇದೆ.)

ಆ ಹಾಲ್‌ನಲ್ಲಿ ಕೂತಿದ್ದ ಅಷ್ಟೂ ಜನರಲ್ಲಿ, ಬಹುಶಃ ಆ ಸಿನಿಮಾ ಮಾಡಿದ ಅಷ್ಟೂ ಜನರಲ್ಲಿ, ನಿಜವಾದ ಸಬ್‌ಮರೀನ್ ಒಳಗೆ ಒಂದು ದಿನವಾದರೂ ಬದುಕಿದ್ದವರು ಅವರೊಬ್ಬರೇ.

ಸಿನಿಮಾದ ಹೆಸರು ಬರೆಯುವುದಿಲ್ಲ. ಪುಕ್ಕಟೆ ಪ್ರಚಾರ ಯಾಕೆ? ಯುದ್ಧಕಾಲದ ಸಬ್‌ಮರೀನ್, ಅದರೊಳಗೊಂದು ದೆವ್ವ. ಇಷ್ಟು ಹೇಳಿದರೆ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಾಗುತ್ತದೆ. ಊರಿನ ಬಸ್ಸುಗಳ ಬೆನ್ನ ಮೇಲೆಲ್ಲ ಅದೇ ಪೋಸ್ಟರು. ಗೊತ್ತಾಗದ ಇನ್ನರ್ಧ ಜನ ಪುಣ್ಯವಂತರು.

ಮೊದಲು ಸಿನಿಮಾದ ಮೇಲಿನ ಸಿಟ್ಟು ತೀರಿಸಿಕೊಂಡುಬಿಡುತ್ತೇನೆ.

ಆ ಸಬ್‌ಮರೀನ್ ಒಳಗೆ ನಮ್ಮ ಬಸವನಗುಡಿಯ ಕಲ್ಯಾಣ ಮಂಟಪ ಊಟದ ಹಾಲ್ ಸಮೇತ ಹಿಡಿಸುತ್ತದೆ. ನಾಯಕ ಓಡುತ್ತಾನೆ, ಓಡುತ್ತಲೇ ಇರುತ್ತಾನೆ, ಜಾಗ ಮುಗಿಯುವುದೇ ಇಲ್ಲ. ಶತ್ರುವಿನ ಹಡಗು ತಲೆಯ ಮೇಲೇ ಸುಳಿದಾಡುತ್ತಿದೆ, ಚಮಚ ಬಿದ್ದರೂ ಮೇಲಿನವರಿಗೆ ಕೇಳಿಸುತ್ತದೆ ಎಂದು ಅವರೇ ಹೇಳುತ್ತಾರೆ. ಹೇಳಿ, ಕಿರುಚಲು ಶುರುಮಾಡುತ್ತಾರೆ. ಕಿರುಚುತ್ತಲೇ ಒಬ್ಬರಿಗೊಬ್ಬರು "ಶ್" ಅನ್ನುತ್ತಾರೆ. ನಾಯಕ ಶವರ್ ಕೆಳಗೆ ನಿಂತು ಐದು ನಿಮಿಷ ಊರಿನ ನೆನಪು ಮಾಡಿಕೊಳ್ಳುತ್ತಾನೆ. (ಕುಡಿಯುವ ನೀರನ್ನೇ ಅಳೆದು ಕೊಡುವ ಜಾಗದಲ್ಲಿ ಶವರ್.) ನೆನಪಿನಲ್ಲಿ ಒಬ್ಬಳು ಹುಡುಗಿ, ಹುಡುಗಿಗೊಂದು ಹಾಡು, ಹಾಡಿನಲ್ಲಿ ಹಿಮ. ದೆವ್ವ ಬಂದಾಗಲೆಲ್ಲ ಲೈಟು ಮಿಣುಕುತ್ತದೆ. ದೆವ್ವಗಳಿಗೂ ಕರೆಂಟಿಗೂ ಯಾವ ಕಾಲದ ಹಗೆಯೋ.

ಭಯ? ಒಂದು ಕ್ಷಣವೂ ಇಲ್ಲ. ಹೆದರಿಸುವುದೆಂದರೆ ಕಿವಿಯ ಹತ್ತಿರ ತಗಡು ಬಡಿಯುವುದು ಅಂತ ನಮ್ಮವರಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಸಮುದ್ರದ ಅಡಿಯಲ್ಲಿ, ಉಸಿರು ಉಳಿಸಲಿಕ್ಕೆಂದು ಅಷ್ಟೂ ಗಂಡಸರು ಮಾತಿಲ್ಲದೆ ಅಲುಗಾಡದೆ ಮಲಗಿರುತ್ತಾರಲ್ಲ, ಆ ಮೌನವನ್ನು ಒಂದು ನಿಮಿಷ ತೋರಿಸಿದ್ದರೂ ನಾನು ಸೀಟಿನ ಕೈ ಹಿಡಿದುಕೊಳ್ಳುತ್ತಿದ್ದೆ. ಮೌನಕ್ಕೆ ಖರ್ಚಿಲ್ಲ. ಅದಕ್ಕೇ ಅದು ಇವರಿಗೆ ಹೊಳೆಯುವುದಿಲ್ಲ.

ಇಂಟರ್ವಲ್‌ನಲ್ಲಿ ನನ್ನ ಪಕ್ಕದವರು ಹೇಳಿದ್ದು ಒಂದೇ ಮಾತು. "ಇಷ್ಟು ಜಾಗ ಇದ್ದಿದ್ರೆ ನಾವು ಕ್ರಿಕೆಟ್ ಆಡ್ತಿದ್ವಿ ಮೇಡಂ."

ಕೆಟ್ಟ ಸಿನಿಮಾ ನಮಗೇನು ಹೊಸದೇ? ಅದಕ್ಕೆ ಒಂದು ವಾರದ ಅಂಕಣ ಹಾಳುಮಾಡಬೇಕಾಗಿಲ್ಲ. ನನ್ನ ಸಿಟ್ಟಿಗೆ ಬೇರೆ ಕಾರಣ ಇದೆ. ಈ ಸಿನಿಮಾದ ದೆವ್ವ ಹುಟ್ಟಿದ್ದು ಇದೇ ಅಂಕಣದಲ್ಲಿ.

ಎದ್ದು ಹೋದ ಆ ಹಿರಿಯರ ಹೆಸರು ಮುನಿರಾಜಪ್ಪ. ಹುಟ್ಟಿ ಬೆಳೆದದ್ದು ಚಾಮರಾಜಪೇಟೆ. ತಂದೆ ರಸ್ತೆ ರಿಪೇರಿಯ ಗ್ಯಾಂಗಿನಲ್ಲಿದ್ದರು. ಮಗ ಹದಿನೆಂಟು ತುಂಬುತ್ತಲೂ ನೌಕಾಪಡೆ ಸೇರಿದರು, ಸಬ್‌ಮರೀನ್‌ನಲ್ಲಿ ಬ್ಯಾಟರಿ, ವೈರಿಂಗ್ ನೋಡಿಕೊಂಡರು, ಯುದ್ಧ ಕಂಡರು. ಆಮೇಲೆ ಸರ್ಕಾರಿ ಕಚೇರಿಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದರು. ನನಗೆ ಪರಿಚಯ ಆದದ್ದು ಚಾಮರಾಜಪೇಟೆಯ ಲೈಬ್ರರಿಯಲ್ಲಿ. ದಿನಾ ಬೆಳಿಗ್ಗೆ ಪೇಪರ್ ಓದಲು ಬರುತ್ತಿದ್ದರು. ಕುರ್ಚಿ ಖಾಲಿ ಇದ್ದರೂ ನಿಂತೇ ಓದುತ್ತಿದ್ದರು. ನಾನೊಮ್ಮೆ ಕುರ್ಚಿ ಎಳೆದುಕೊಟ್ಟು ಕೂರಲು ಹೇಳಿದಾಗ, ಅಭ್ಯಾಸ ಇಲ್ಲ ಅಂದರು. ಮಿಲಿಟರಿ ಶಿಸ್ತು ಅಂದುಕೊಂಡು ನಾನು ಮೆಚ್ಚಿದೆ.

ಆರು ವರ್ಷದ ಹಿಂದೆ, ಒಂದು ಬೆಳಿಗ್ಗೆ, ಲೈಬ್ರರಿಯ ಹೊರಗಿನ ಕಟ್ಟೆಯ ಹತ್ತಿರ ಅವರು ನನಗೆ ಆ ಹಾಸಿಗೆಯ ವಿಷಯ ಹೇಳಿದರು.

ಸಬ್‌ಮರೀನ್‌ನಲ್ಲಿ ಜನ ಎಷ್ಟಿದ್ದಾರೋ ಅಷ್ಟು ಹಾಸಿಗೆ ಇರುವುದಿಲ್ಲವಂತೆ. ಇಬ್ಬರಿಗೆ ಒಂದು. ಹಾಸಿಗೆ ಅಂದರೆ ರೈಲಿನ ಬರ್ತ್‌ಗಿಂತ ಕಿರಿದು. ಮಗ್ಗುಲು ಬದಲಿಸಿದರೆ ಮೂಗು ಪೈಪಿಗೆ ತಾಗುತ್ತದೆ. ಒಬ್ಬ ಡ್ಯೂಟಿಯಲ್ಲಿರುವಾಗ ಇನ್ನೊಬ್ಬ ಮಲಗಬೇಕು. ನಾಲ್ಕು ಗಂಟೆಗೊಮ್ಮೆ ಅದಲು ಬದಲು. ಬಂದವನು ಮಲಗಿದವನನ್ನು ಕೂಗಿ ಎಬ್ಬಿಸುವ ಹಾಗಿಲ್ಲ, ಶಬ್ದ ಆಗಬಾರದು. ಕಾಲಿನ ಹೆಬ್ಬೆರಳು ಒತ್ತಬೇಕು. ಇವನು ಏಳುತ್ತಾನೆ, ಅವನು ಅದೇ ಜಾಗದಲ್ಲಿ ಬಿದ್ದುಕೊಳ್ಳುತ್ತಾನೆ. ಹಾಸಿಗೆ ಆರಲು ಪುರುಸೊತ್ತೇ ಇಲ್ಲ. ತಿಂಗಳುಗಟ್ಟಲೆ ಒಬ್ಬರ ಮೈಯ ಬಿಸಿಯಲ್ಲಿ ಇನ್ನೊಬ್ಬರು ನಿದ್ದೆ ಮಾಡುವುದು.

ಮುನಿರಾಜಪ್ಪನವರ ಹಾಸಿಗೆಯ ಇನ್ನೊಂದು ಪಾಲು ಶೇಷಾದ್ರಿಯದು. ಮಲ್ಲೇಶ್ವರಂನ ಮಡಿವಂತರ ಮನೆಯವನು, ವಾರಿಗೆಯವನು. ಒಂದು ಊರಿನವರಾಗಿದ್ದೂ ಇಬ್ಬರೂ ಪರಸ್ಪರ ನೋಡಿದ್ದು ಸಮುದ್ರಕ್ಕೆ ಹೋದ ಮೇಲೆ. "ಇದನ್ನ ನಮ್ಮಮ್ಮ ನೋಡಿದ್ರೆ ನಂಗೆ ಮೂರು ದಿನ ಸ್ನಾನ ಮಾಡಿಸ್ತಾಳೆ ಕಣೋ" ಅಂತ ಶೇಷಾದ್ರಿ ನಗುತ್ತಿದ್ದನಂತೆ. ನಗುತ್ತಲೇ ಕಾಲು ಚಾಚಿ ಮಲಗುತ್ತಿದ್ದನಂತೆ.

ಯುದ್ಧದ ದಿನಗಳಲ್ಲಿ ಒಮ್ಮೆ ಸಬ್‌ಮರೀನ್ ನೀರಿನ ಮೇಲಕ್ಕೆ ಬಂದಿತ್ತು. ಶೇಷಾದ್ರಿ ಮೇಲೆ ಕಾವಲಿಗೆ ನಿಂತಿದ್ದ. ಸಮುದ್ರ ಕೆಟ್ಟಿತ್ತು. ಒಂದು ಅಲೆ ಬಂದು ಹೋಯಿತು, ಅದರ ಜೊತೆ ಅವನೂ ಹೋದ. ಹುಡುಕಿದರು. ಸಿಗಲಿಲ್ಲ.

ಕೆಳಗೆ ಮುನಿರಾಜಪ್ಪ ಮಲಗಿದ್ದರು. ಹೆಬ್ಬೆರಳನ್ನು ಯಾರೂ ಒತ್ತಲಿಲ್ಲ. ತಾವಾಗಿಯೇ ಎಚ್ಚರಾಗಿ ಎದ್ದರು. ವಿಷಯ ತಿಳಿಯಿತು. ಡ್ಯೂಟಿಗೆ ಹೋದರು, ಯುದ್ಧದಲ್ಲಿ ಅಳಲು ರಜೆ ಕೊಡುವುದಿಲ್ಲ. ನಾಲ್ಕು ಗಂಟೆ ಕಳೆದು ಬಂದು ಅದೇ ಹಾಸಿಗೆಯಲ್ಲಿ ಮಲಗಿದರು.

ಇಲ್ಲಿಗೆ ಬಂದು ನನ್ನ ಅವತ್ತಿನ ಅಂಕಣ ಹೀಗೆ ಮುಗಿದಿತ್ತು: "ನಾಲ್ಕು ಗಂಟೆ ಯಾರೂ ಮಲಗದಿದ್ದ ಹಾಸಿಗೆ ಇನ್ನೂ ಬೆಚ್ಚಗಿತ್ತು."

ನಿಮಗೆ ನೆನಪಿರಬಹುದು. ಎಷ್ಟೋ ಜನ ಫೋನ್ ಮಾಡಿದಿರಿ. ಮೈ ಜುಮ್ಮೆಂದಿತು ಅಂದಿರಿ. ಮತ್ತಿಕೆರೆಯಿಂದ ಒಬ್ಬರು, ಅಂಕಣವನ್ನು ಕತ್ತರಿಸಿ ಡೈರಿಗೆ ಅಂಟಿಸಿಕೊಂಡಿದ್ದೇನೆ ಅಂದರು. ನಾನು ಒಂದು ವಾರ ನೆಲದಿಂದ ನಾಲ್ಕು ಅಂಗುಲ ಮೇಲೇ ನಡೆದೆ.

ಮುನಿರಾಜಪ್ಪನವರೂ ಓದಿದ್ದರು. ಲೈಬ್ರರಿಯಲ್ಲಿ ಸಿಕ್ಕಾಗ, ಚೆನ್ನಾಗಿದೆ ಅಂದರು. ಪೇಪರ್ ಮಡಿಸುತ್ತಾ, ಒಂಚೂರು ಬೇರೆ ಥರ ಇತ್ತು, ಪರವಾಗಿಲ್ಲ ಬಿಡಿ ಅಂದರು. ನಾನು ಬಿಟ್ಟೆ. ಹಿರಿಯರು ಬಿಡಿ ಅಂದಾಗ ಬಿಡುವುದು ಎಷ್ಟು ಸುಲಭ, ಅಲ್ಲವೇ?

ಎರಡು ವರ್ಷದ ಹಿಂದೆ ಸಿನಿಮಾ ತಂಡದಿಂದ ಸಹಾಯಕ ನಿರ್ದೇಶಕನೊಬ್ಬ ಫೋನ್ ಮಾಡಿದ. ಹಳೆಯ ಅಂಕಣ ಯಾರೋ ಅವನಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದರಂತೆ. "ಆ ಹಾಸಿಗೆ ಐಡಿಯಾ ಇದ್ಯಲ್ಲ ಮೇಡಂ, ಗೂಸ್‌ಬಂಪ್ಸ್" ಅಂದ. ಅದನ್ನು ಬಳಸಿಕೊಳ್ಳಬಹುದಾ ಅಂದ. ನಾನು ಹೂಂ ಅಂದೆ. ಕಥೆ ಮುನಿರಾಜಪ್ಪನವರದು, ಸಾವು ಶೇಷಾದ್ರಿಯದು, ಹೂಂ ಅಂದವಳು ನಾನು.

ಮುನಿರಾಜಪ್ಪನವರಿಗೆ ಆಮೇಲೆ ಹೇಳಿದೆ, ಸಿಹಿ ಸುದ್ದಿ ಹೇಳುವ ಹಾಗೆ. ಅವರು ಕೇಳಿದ್ದು ಒಂದೇ: "ಶೇಷಾದ್ರಿ ಹೆಸರು ಹಾಕ್ತಾರಂತಾ?"

ಹಾಕುತ್ತಾರೆ ಅಂದುಬಿಟ್ಟೆ. ಯಾರನ್ನು ಕೇಳಿ ಅಂದೆನೋ.

ಶನಿವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಮಾರ್ಕೆಟ್ ಮೆಟ್ರೊ ಸ್ಟೇಷನ್ನಿನ ಹತ್ತಿರ ನನಗಿಂತ ಮೊದಲೇ ಬಂದು ನಿಂತಿದ್ದರು. ಸಂಪಿಗೆ ರಸ್ತೆಯವರೆಗೂ ಶೇಷಾದ್ರಿಯ ಮನೆ ಯಾವ ಕ್ರಾಸಿನಲ್ಲಿತ್ತು ಅಂತ ನೆನಪು ಮಾಡಿಕೊಳ್ಳುತ್ತಾ ಬಂದರು. ಸಿನಿಮಾ ಶುರುವಾದಾಗ "ಸತ್ಯಘಟನೆ ಆಧಾರಿತ" ಅಂತ ಪರದೆಯ ಮೇಲೆ ಬಂತು. ಅವರು ಮುಂದಕ್ಕೆ ಬಾಗಿ ಕೂತರು.

ಸತ್ಯಘಟನೆ ಏನಾಗಿತ್ತು ಗೊತ್ತೇ? ಸತ್ತ ನಾವಿಕ ದೆವ್ವವಾಗಿ ತನ್ನ ಹಾಸಿಗೆಗೆ ವಾಪಸ್ ಬಂದಿದ್ದಾನೆ. ಹಾಸಿಗೆ ಸದಾ ಬೆಚ್ಚಗಿರುತ್ತದೆ. ಅದನ್ನು ಮುಟ್ಟಿದವರು ಒಬ್ಬೊಬ್ಬರೇ ಸಾಯುತ್ತಾರೆ. "ಮುಟ್ಟಬೇಡಿ, ಯಾರೂ ಮುಟ್ಟಬೇಡಿ" ಅಂತ ಕ್ಯಾಪ್ಟನ್ ಕೂಗುತ್ತಾನೆ. ಯುದ್ಧದ ನಡುವೆ ಹೆಲಿಕಾಪ್ಟರಿನಲ್ಲಿ ಒಬ್ಬ ಮಂತ್ರವಾದಿಯನ್ನು ತಂದು ಇಳಿಸುತ್ತಾರೆ. (ಹೌದು, ಹೆಲಿಕಾಪ್ಟರ್. ಹೌದು, ಸಬ್‌ಮರೀನ್ ಮೇಲೆ. ನಾನು ಕುಡಿದಿರಲಿಲ್ಲ.) ಅವನು ಹಿತ್ತಾಳೆಯ ಚೆಂಬಿನಿಂದ ಆ ಹಾಸಿಗೆಗೆ ನೀರು ಚಿಮುಕಿಸುತ್ತಾನೆ. ಹಾಸಿಗೆಯಿಂದ ಹೊಗೆ ಏಳುತ್ತದೆ. ಶುದ್ಧಿಯಾಯಿತು.

ಮುನಿರಾಜಪ್ಪನವರು ಎದ್ದು ನಿಂತದ್ದು ಆಗ.

ಹೊರಗೆ ಹೋಗಿ ನೋಡಿದರೆ, ಎಸ್ಕಲೇಟರಿನ ಪಕ್ಕ ಕಂಬಿ ಹಿಡಿದು ನಿಂತಿದ್ದರು. ನಾನು ಕ್ಷಮೆ ಕೇಳಿದೆ. ಎಂಥ ದರಿದ್ರ ಸಿನಿಮಾ, ಕರೆದುಕೊಂಡು ಬರಬಾರದಿತ್ತು ಅಂದೆ. ಹೆಲಿಕಾಪ್ಟರ್ ಬಗ್ಗೆ ಏನೋ ತಮಾಷೆ ಮಾಡಿದೆ. ಅವರು ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ.

"ಹಾಸಿಗೆಗೆ ನೀರು ಹಾಕಿದ್ರು ಮೇಡಂ" ಅಂದರು. ಮತ್ತೆ, "ಅವ್ನು ಮಲಗಿದ್ ಜಾಗಕ್ಕೆ ನೀರು ಹಾಕ್ಬಿಟ್ರು" ಅಂದರು.

ನನಗೆ ಅರ್ಥವಾಗಲಿಲ್ಲ. ಆ ಸಿನಿಮಾದಲ್ಲಿ ಅಷ್ಟೊಂದು ತಪ್ಪುಗಳಿರುವಾಗ ಇವರೇಕೆ ಇದೊಂದನ್ನೇ ಹಿಡಿದುಕೊಂಡಿದ್ದಾರೆ ಅನ್ನಿಸಿತು. ತಲೆಯಾಡಿಸಿದೆ, ಅರ್ಥವಾದವಳ ಹಾಗೆ.

ವಾಪಸ್ ಬರಲು ಮೆಟ್ರೊ ಹತ್ತಿದೆವು. ರೈಲು ನೆಲದ ಕೆಳಕ್ಕೆ ಇಳಿಯಿತು, ಕಿಟಕಿಯಾಚೆ ಕಪ್ಪಾಯಿತು. ಚಿಕ್ಕಪೇಟೆಯಲ್ಲಿ ಗಂಟುಮೂಟೆಯವರು ಹತ್ತಿದರು. ಬಾಗಿಲು ಮುಚ್ಚಿದ ಮೇಲೆ ಅವರು ನನ್ನ ಕಡೆ ಬಾಗಿ ಕೇಳಿದರು.

"ಮೇಡಂ, ಅವತ್ತು ನೀವು ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ರಲ್ಲ. ಅದನ್ನ ಒಂದ್ಸಲ ನೋಡಿ ಹೇಳ್ತೀರಾ? ಶೇಷಾದ್ರಿ ಹೋದ್ಮೇಲೆ ಹಾಸಿಗೆ ಬೆಚ್ಚಗಿತ್ತಾ, ತಣ್ಣಗಿತ್ತಾ ಅಂತ."

ನಿಮಗೆ ಗೊತ್ತಿಲ್ಲವಾ ಅಂದೆ.

"ಗೊತ್ತಿತ್ತು. ನಿಮ್ದು ಓದಿದ್ಮೇಲೆ ಎಲ್ರೂ ಅದನ್ನೇ ಕೇಳೋರು, ನಾನೂ ಹಂಗೇ ಹೇಳೋಕೆ ಶುರು ಮಾಡ್ದೆ. ಹೇಳಿ ಹೇಳಿ ಈಗ ನಂಗೇ ಬೆಚ್ಚಗಿತ್ತು ಅನ್ಸುತ್ತೆ. ಇವತ್ತು ಅದನ್ನ ನೋಡ್ದಾಗ ಇನ್ನೂ ಜಾಸ್ತಿ ಅನ್ಸ್ತು. ಅವ್ನದ್ದು ಅಂತ ನನ್ಹತ್ರ ಬೇರೆ ಏನೂ ಇಲ್ಲ ಮೇಡಂ. ಫೋಟೋನೂ ಇಲ್ಲ. ಅದೊಂದೇ ಇರೋದು."

ಮಾರ್ಕೆಟ್ ಬಂತು. ನಿಧಾನಕ್ಕೆ ನೋಡಿ ಹೇಳಿ, ಅವಸರ ಇಲ್ಲ ಅಂದು ಅವರು ಇಳಿದರು.

ನಾನು ಮನೆಗೆ ಬಂದು ಮೊದಲು ಮಾಡಿದ್ದೇನು? ನೋಟ್‌ಬುಕ್ ತೆಗೆದೆನೇ? ಇಲ್ಲ. ಸಹಾಯಕ ನಿರ್ದೇಶಕನಿಗೆ ಫೋನ್ ಮಾಡಿದೆ. ಬೇರೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದರಲ್ಲಿ ಒಂದು ಸುಖ ಇದೆ, ತಡಮಾಡಿದರೆ ಆರಿಹೋಗುತ್ತದೆ. ಒಂದು ಸಾವನ್ನು ತಮಾಷೆ ಮಾಡಿದ್ದೀರಿ ಅಂದೆ. ಸತ್ಯಘಟನೆ ಅಂತ ಹಾಕಲು ನಾಚಿಕೆಯಾಗಲಿಲ್ಲವಾ ಅಂದೆ. ಸತ್ತವನ ಹೆಸರು ಎಲ್ಲಿ ಅಂದೆ. ಸುಮಾರು ಹತ್ತು ನಿಮಿಷ ಅಂದೆ. ಆ ಹುಡುಗ ಪೂರ್ತಿ ಕೇಳಿದ. ಆಮೇಲೆ ಬಹಳ ವಿನಯದಿಂದ ಹೇಳಿದ:

"ಮೇಡಂ, ದೆವ್ವ ನಾವು ಹಾಕಿದ್ದಲ್ಲ. ಬೆಚ್ಚಗಿತ್ತು ಅಂತ ನಿಮ್ ಆರ್ಟಿಕಲ್ಲಲ್ಲೇ ಇದೆ. ನಾವು ಅದನ್ನ ಡೆವಲಪ್ ಮಾಡಿದ್ವಿ ಅಷ್ಟೆ."

ಫೋನ್ ಇಟ್ಟೆ.

ನಾನು ಓದಿದ್ದು ಇತಿಹಾಸ. ಎಂ.ಎ. ಮುಗಿಸಿ ವರ್ಷಗಟ್ಟಲೆ ಕಾಲೇಜಿನಲ್ಲಿ ಪಾಠ ಹೇಳಿದವಳು. ಮೂಲ ದಾಖಲೆ ನೋಡದೆ ಒಂದು ವಾಕ್ಯವನ್ನೂ ಬರೆಯಬೇಡಿ ಎಂದು ಎಷ್ಟು ತಲೆಮಾರಿನ ಮಕ್ಕಳನ್ನು ಬೈದಿದ್ದೇನೋ. ನೆನಪನ್ನು ನಂಬಬೇಡಿ, ಅದು ನಮ್ಮ ಮರ್ಜಿ ನೋಡಿಕೊಂಡು ಸಾಕ್ಷಿ ಹೇಳುತ್ತದೆ ಅನ್ನುತ್ತಿದ್ದೆ. ಅದಕ್ಕೇ ದಿನಚರಿ ಬರೆಯುತ್ತೇನೆ. ಯಾರು ಏನು ಹೇಳಿದರು ಅನ್ನುವುದನ್ನು ಕೇಳಿದ ಜಾಗದಲ್ಲೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಬರೆದಿಟ್ಟು ತಿರುಗಿ ನೋಡುವುದಿಲ್ಲ. ಕೊಡೆ ಕೊಂಡು ಮನೆಯಲ್ಲೇ ಬಿಟ್ಟು ಮಳೆಗೆ ಹೋಗುವವರ ಜಾತಿ ನನ್ನದು.

ಆರು ವರ್ಷದ ಹಿಂದಿನ ನೋಟ್‌ಬುಕ್ ಅಟ್ಟದ ಮೇಲಿತ್ತು. ಭಾನುವಾರ ಬೆಳಿಗ್ಗೆ ಇಳಿಸಿದೆ. ಪುಟ ಸಿಕ್ಕಿತು. ಅಲ್ಲಿದ್ದದ್ದನ್ನು ಹಾಗೆಯೇ ಕೊಡುತ್ತೇನೆ, ಈ ಸಲ ಒಂದಕ್ಷರವನ್ನೂ ತಿದ್ದದೆ:

"ಲೈಬ್ರರಿಯಲ್ಲಿ ಮುನಿರಾಜಪ್ಪ. ಶೇಷಾದ್ರಿ ಹೋದ ಮೇಲೆ ಡ್ಯೂಟಿ ಮುಗಿಸಿ ಬಂದು ಮಲಗಿದರಂತೆ. ಹಾಸಿಗೆ ತಣ್ಣಗಿತ್ತು. ಅಷ್ಟು ತಿಂಗಳಲ್ಲಿ ಮೊದಲ ಸಲ. 'ತಣ್ಣಗೆ ಮೈಗೆ ತಾಗ್ದಾಗ್ಲೇ ಮೇಡಂ, ಅವ್ನು ಇನ್ನ ಬರಲ್ಲ ಅಂತ ಗೊತ್ತಾಗಿದ್ದು.'

"ಸ್ಕೂಲಿನಲ್ಲಿದ್ದಾಗ ಗೆಳೆಯನೊಬ್ಬನ ಮನೆಗೆ ಹೋಗಿದ್ದರಂತೆ, ಚಾಮರಾಜಪೇಟೆಯಲ್ಲೇ. ಜಗಲಿ ಮೇಲೆ ಕೂತರು. ಎದ್ದು ಬೀದಿಗೆ ಇಳಿದ ಮೇಲೆ ತಿರುಗಿ ನೋಡಿದರೆ, ಇವರು ಕೂತಿದ್ದ ಜಾಗಕ್ಕೆ ಗೆಳೆಯನ ಅಜ್ಜಿ ಚೆಂಬಿನಿಂದ ನೀರು ಹಾಕುತ್ತಿದ್ದರು. 'ನಾನು ಕೂತ್ ಜಾಗಕ್ಕೆ ನೀರು ಹಾಕಿದ್ರು. ಶೇಷಾದ್ರಿ ಅದೇ ಥರದ್ ಮನೆಯೋನು. ಅವ್ನು ನಾನು ಎದ್ದ ಜಾಗದಲ್ಲಿ, ಬಿಸಿ ಆರೋಕ್ಮುಂಚೆ ಮಲಗ್ತಿದ್ದ.'"

ಪಕ್ಕದ ಖಾಲಿ ಜಾಗದಲ್ಲಿ, ಕೆಂಪು ಇಂಕಿನಲ್ಲಿ, ನನ್ನದೇ ಕೈಬರಹ: "ಕಥೆ ಇದು. ಇದನ್ನು ಬರೆಯಬೇಕು."

ಬರೆಯಲಿಲ್ಲ.

ಜಗಲಿಯ ವಿಷಯ ಅವರು ನನಗೆ ಹೇಳಿದ್ದರು ಅನ್ನುವುದೇ ನನಗೆ ನೆನಪಿರಲಿಲ್ಲ. ಶನಿವಾರ ಎಸ್ಕಲೇಟರಿನ ಪಕ್ಕ ಅವರು ನೀರು, ನೀರು ಅಂದಾಗಲೂ ಹೊಳೆಯಲಿಲ್ಲ. ಲೈಬ್ರರಿಯ ಕುರ್ಚಿಯನ್ನಂತೂ ನಾನು ಶಿಸ್ತಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದೆ.

ತಣ್ಣಗಿದ್ದದ್ದು ಬೆಚ್ಚಗಾದದ್ದು ಹೇಗೆ? ಎರಡು ದಿನ ಇದನ್ನೇ ಯೋಚಿಸಿದೆ. ಅವಸರದಲ್ಲಿ, ನೋಟ್‌ಬುಕ್ ನೋಡದೆ, ನೆನಪಿನಿಂದ ಬರೆದಿರಬೇಕು ಅನ್ನುವುದು ನನಗೆ ಅನುಕೂಲವಾದ ಉತ್ತರ. ಅನುಕೂಲವಾಗಿರುವುದಕ್ಕೇ ಅದರ ಮೇಲೆ ಅನುಮಾನ. ಇನ್ನೊಂದು ಉತ್ತರವೂ ಇದೆ. ತಣ್ಣಗಿನ ಹಾಸಿಗೆಯಿಂದ ಅಂಕಣ ಮುಗಿಸಿದ್ದರೆ ಅದು ಯಾಕೆ ತಣ್ಣಗಿತ್ತು, ಅದುವರೆಗೆ ಬೆಚ್ಚಗಿದ್ದದ್ದಕ್ಕೆ ಅಷ್ಟೊಂದು ಬೆಲೆ ಏಕಿತ್ತು ಅಂತ ಹೇಳಬೇಕಾಗುತ್ತಿತ್ತು. ಹೇಳಬೇಕೆಂದರೆ ಜಗಲಿ ಬರಬೇಕು. ಜಗಲಿ ಬಂದರೆ ಅಜ್ಜಿ ಬರಬೇಕು, ಚೆಂಬು ಬರಬೇಕು. ಅಂಥ ಚೆಂಬು ನಮ್ಮ ಮನೆಯಲ್ಲೂ ಇತ್ತು. ನಿಮ್ಮಲ್ಲಿ ಎಷ್ಟು ಮನೆಗಳಲ್ಲಿ ಇರಲಿಲ್ಲ ಹೇಳಿ. ಭಾನುವಾರದ ಕಾಫಿಯ ಜೊತೆ ಇದನ್ನು ಯಾರು ಓದುತ್ತಾರೆ? ದೆವ್ವವಾದರೆ ಎಲ್ಲರೂ ಓದುತ್ತಾರೆ. ದೆವ್ವ ಯಾರ ಮನೆಯ ಜಗಲಿಯ ಮೇಲೂ ಬಂದು ಕೂರುವುದಿಲ್ಲ.

ಬೇಕೆಂದೇ ಮಾಡಿದೆನೋ, ಮರೆತು ಮಾಡಿದೆನೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನಾದರೂ ನಂಬಿ. ನಾನು ಬರೆದದ್ದು ನಿಮ್ಮ ಮನೆಗಳಿಗೆ ಹೋಯಿತು, ವಾಟ್ಸಾಪ್‌ಗೆ ಹೋಯಿತು, ಸಿನಿಮಾಗೆ ಹೋಯಿತು, ಕೊನೆಗೆ ಮುನಿರಾಜಪ್ಪನವರ ತಲೆಯೊಳಕ್ಕೇ ಹೋಗಿ ಅಲ್ಲಿದ್ದ ನಿಜವನ್ನು ಎಬ್ಬಿಸಿ ಅದರ ಜಾಗದಲ್ಲಿ ಮಲಗಿತು.

ಸಿನಿಮಾದವರ ಮೇಲಿನ ಸಿಟ್ಟು ಇಳಿದಿದೆಯೇ? ಇಲ್ಲ. ಅವರಿಗೆ ಜಗಲಿಯ ವಿಷಯ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಸೀದಾ ಹೋಗಿ "ಮುಟ್ಟಬೇಡಿ"ಯನ್ನೂ ಚೆಂಬಿನ ನೀರನ್ನೂ ತಂದರಲ್ಲ, ಕೈಗೆ ಅಷ್ಟು ಹತ್ತಿರದಲ್ಲಿ ಅವು ಸಿಕ್ಕವಲ್ಲ, ಅದಕ್ಕೆ ಸಿಟ್ಟು. ಒಬ್ಬನ ಮೈಯ ಬಿಸಿ ಇನ್ನೊಬ್ಬನಿಗೆ ಭಯ ಹುಟ್ಟಿಸಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಹಾಲ್‌ನಲ್ಲಿದ್ದ ನಮಗೂ ವಿವರಿಸಬೇಕಾಗಲಿಲ್ಲ. ಹೊಗೆ ಎದ್ದಾಗ ಚಪ್ಪಾಳೆ ಬಿತ್ತು.

ಮಂಗಳವಾರ ನೋಟ್‌ಬುಕ್ ತೆಗೆದುಕೊಂಡು ಅವರ ಮನೆಗೆ ಹೋದೆ. ಹಾಲ್‌ನಲ್ಲಿ ಬುದ್ಧನ ಒಂದು ಚಿತ್ರ, ಕೆಳಗೆ ಚಾಪೆಯ ಮೇಲೆ ಬಿಚ್ಚಿಟ್ಟ ಮಿಕ್ಸಿ, ಅದರ ಮುಂದೆ ಅವರು. ಬೀದಿಯವರ ಮಿಕ್ಸಿಗಳು ಈಗಲೂ ಅವರ ಹತ್ತಿರವೇ ಬರುತ್ತವೆ. ಬಿ.ಕಾಂ. ಓದುವ ಮೊಮ್ಮಗಳು ಕಾಫಿ ತಂದುಕೊಟ್ಟು ಅಲ್ಲೇ ಕೂತಳು. ಪೀಠಿಕೆ ಹಾಕಲು ನೋಡಿದೆ. ಬೇಡ, ಓದಿ ಅಂದರು.

ಓದಿದೆ. ತಣ್ಣಗಿತ್ತು ಅನ್ನುವ ಸಾಲು ಬಂದಾಗ ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಜಗಲಿಯ ಸಾಲುಗಳನ್ನೂ ಓದಿದೆ. ಕೆಂಪು ಇಂಕಿನದನ್ನೂ ಓದಿದೆ. ಅದನ್ನು ಬಿಟ್ಟುಬಿಡುವ ಆಸೆ ಇತ್ತು.

ಮೊಮ್ಮಗಳಿಗೆ ಗಲಿಬಿಲಿಯಾಯಿತು. "ತಾತ, ನೀನೇ ಹೇಳ್ತಿದ್ಯಲ್ಲ ಬೆಚ್ಚಗಿತ್ತು ಅಂತ? ನಾನು ಫ್ರೆಂಡ್ಸ್‌ಗೆಲ್ಲ ಹಂಗೇ ಹೇಳಿದೀನಿ."

"ಹೇಳ್ತಿದ್ದೆ ಕಣಮ್ಮ. ಎಲ್ರಿಗೂ ಅದೇ ಬೇಕಿತ್ತು."

ಅವರು ಮೊದಲಿನ ಸಾಲುಗಳನ್ನು ಇನ್ನೊಮ್ಮೆ ಓದಿಸಿದರು. ಕಣ್ಣು ಮುಚ್ಚಿಕೊಂಡು, ಬಲಗೈಯನ್ನು ಚಾಪೆಯ ಮೇಲೆ ಅಗಲಿಸಿ ಇಟ್ಟುಕೊಂಡು ಕೇಳಿದರು. ನಾನು ಸುಮ್ಮನಿದ್ದೆ. ಅಂಕಣಕಾರರಿಗೆ ಸುಮ್ಮನಿರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ.

"ಹೂಂ" ಅಂದರು ಕೊನೆಗೆ. "ತಣ್ಣಗಿತ್ತು. ಈಗ ಸಿಕ್ತು. ನಾಲ್ಕು ಗಂಟೆ ಕಣ್ಣು ಬಿಟ್ಕೊಂಡೇ ಮಲಗಿದ್ದೆ."

ನಾನು ಕ್ಷಮಿಸಿ ಅಂದೆ. ಈ ಸಲ ಅವರು ಪರವಾಗಿಲ್ಲ ಬಿಡಿ ಅನ್ನಲಿಲ್ಲ. ಅದು ನನಗೆ ಸಮಾಧಾನವೇ. ಈ ವಾರದ ಅಂಕಣದಲ್ಲಿ ಇದನ್ನೆಲ್ಲ ಬರೆಯುತ್ತೇನೆ, ಜಗಲಿಯನ್ನೂ ಬರೆಯಬಹುದಾ, ದೆವ್ವ ಇರಲಿಲ್ಲ ಅಂತ ಸ್ಪಷ್ಟವಾಗಿ ಹಾಕುತ್ತೇನೆ ಅಂದೆ. ಮೊದಲ ಸಲ ಅವರನ್ನು ಕೇಳಿ ಬರೆಯಲು ಹೊರಟಿದ್ದೆ.

"ಜಗಲಿ ಬರೀರಿ. ದೆವ್ವ ಇರ್ಲಿಲ್ಲ ಅಂತ ಬರೀಬೇಡಿ" ಅಂದರು. "ದೆವ್ವದ್ ವಿಷ್ಯ ಯಾಕೆ? ಅವ್ನು ಬರ್ಲಿಲ್ಲ ಅಂತ ಬರೀರಿ. ಹೆಸ್ರು ಹಾಕಿ."

ಪತ್ರಿಕೆಗಳಲ್ಲಿ ತಪ್ಪು ಅಚ್ಚಾದರೆ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಿದ್ದುಪಡಿ ಹಾಕುತ್ತೇವೆ, ಯಾರೂ ಓದದ ಹಾಗೆ. ಇದು ಆರು ವರ್ಷ ತಡವಾದ ತಿದ್ದುಪಡಿ, ದೊಡ್ಡ ಅಕ್ಷರದಲ್ಲಿ: ಮಲ್ಲೇಶ್ವರಂನ ಶೇಷಾದ್ರಿ ಚಾಮರಾಜಪೇಟೆಯ ಮುನಿರಾಜಪ್ಪನವರು ಎದ್ದ ಹಾಸಿಗೆಯಲ್ಲಿ, ಅದು ಆರುವ ಮೊದಲೇ, ಪ್ರತಿದಿನ ಮಲಗುತ್ತಿದ್ದ. ಒಂದು ದಿನ ಅವನು ಬರಲಿಲ್ಲ. ಹಾಸಿಗೆ ತಣ್ಣಗಿತ್ತು. ಮುನಿರಾಜಪ್ಪನವರು ಅದರ ಮೇಲೆ ನಾಲ್ಕು ಗಂಟೆ ಕಣ್ಣು ಬಿಟ್ಟುಕೊಂಡು ಮಲಗಿದ್ದರು.

ಆರು ವರ್ಷದ ಹಿಂದೆ ಇಷ್ಟನ್ನೇ ಬರೆದಿದ್ದರೆ, ನಿಮ್ಮಲ್ಲಿ ಒಬ್ಬರಾದರೂ ಫೋನ್ ಮಾಡುತ್ತಿದ್ದರಾ?